ಆರನೇ ಸುತ್ತಿನ ಪಿಕ್‌ಗೆ ಎರಡನೇ ಸುತ್ತಿನ ಆಟಗಾರರು: ಪೇಟ್ರಿಯಟ್ಸ್ ಮಾಡಿದ್ದು ಸರಿಯೇ?

ಪ್ರಶ್ನೆ: ನಾವು ಬಾಸ್ಟನ್ ಪಕ್ಕದ ಊರಿನಲ್ಲಿದ್ದೇವೆ. ಮಗನ ಜೊತೆ ಕೂತು ನೋಡಿ ನೋಡಿ ನನಗೂ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ರುಚಿ ಹತ್ತಿದೆ. 2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಪೇಟ್ರಿಯಟ್ಸ್ ಎಂಟರಲ್ಲಿ ಆರು ಪಂದ್ಯ ಗೆದ್ದು ಒಳ್ಳೇ ಲಯದಲ್ಲಿತ್ತು. ಆಗಲೇ ಕೈಲ್ ಡಗರ್ ಅವರನ್ನು ಪಿಟ್ಸ್‌ಬರ್ಗ್‌ಗೆ, ಕಿಯಾನ್ ವೈಟ್ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟುಬಿಟ್ಟರು. ಒಬ್ಬೊಬ್ಬರಿಗೆ ಸಿಕ್ಕಿದ್ದು 2026ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ, ವರ್ಷಕ್ಕೊಮ್ಮೆಯ ಏಳು ಸುತ್ತಿನ ಪ್ರಕ್ರಿಯೆ) ಆರನೇ ಸುತ್ತಿನ ಒಂದು ಪಿಕ್, ಅಂದರೆ ಒಬ್ಬನನ್ನು ಆರಿಸುವ ಸರದಿ. ಅದಕ್ಕೂ ನಾವೇ ಏಳನೇ ಸುತ್ತಿನ ಪಿಕ್ ಸೇರಿಸಿ ಕೊಡಬೇಕಾಯಿತು. ಇಬ್ಬರೂ ಎರಡನೇ ಸುತ್ತಿನಲ್ಲಿ ಆಯ್ಕೆಯಾದವರು! ಗೆಲ್ಲುತ್ತಿರುವ ತಂಡ ತನ್ನ ಬೆಂಚನ್ನು ಹೀಗೆ ಮಾರುವುದುಂಟೇ? ಇಂಥ ಟ್ರೇಡನ್ನು ಅಳೆಯುವುದು ಹೇಗೆ?

ಉತ್ತರ: ಡಗರ್ ಅವರನ್ನು ಕೊಟ್ಟದ್ದು ಸರಿ ಎಂಬುದು ನನ್ನ ಅಭಿಪ್ರಾಯ. ವೈಟ್ ವಿಷಯದಲ್ಲಿ ನನಗೆ ತಕರಾರಿದೆ. ಎರಡೂ ಟ್ರೇಡ್ ಒಂದೇ ವಾರದಲ್ಲಿ, ಹೆಚ್ಚುಕಡಿಮೆ ಒಂದೇ ಬೆಲೆಗೆ ನಡೆದವು. ಹಾಗಾಗಿ ಎಲ್ಲರೂ ಅವನ್ನು ಜೋಡಿಯಾಗಿಯೇ ನೋಡಿದರು. ಒಳಗಿನ ಲೆಕ್ಕ ಮಾತ್ರ ಬೇರೆ ಬೇರೆ.

ಮೊದಲು ನಿಮ್ಮ ಸಿಟ್ಟಿನ ಮೂಲಕ್ಕೆ ಬರೋಣ. ಡಗರ್ 2020ರ ಡ್ರಾಫ್ಟ್‌ನಲ್ಲಿ 37ನೆಯವರಾಗಿ ಬಂದವರು, ವೈಟ್ 2023ರಲ್ಲಿ 46ನೆಯವರಾಗಿ. 1990ರ ದಶಕದ ಆರಂಭದಲ್ಲಿ, ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದ ಕಾಲದಲ್ಲಿ, ಡಲ್ಲಾಸ್ ಕೌಬಾಯ್ಸ್ ತಂಡ ಪ್ರತಿ ಪಿಕ್‌ಗೂ ಅಂಕ ಕೊಟ್ಟು ಒಂದು ಪಟ್ಟಿ ಮಾಡಿಕೊಂಡಿತು. ಇವತ್ತಿಗೂ ಟ್ರೇಡ್ ಮಾತು ಬಂದಾಗ ಜನ ತೆಗೆಯುವುದು ಅದನ್ನೇ. ಅದರಲ್ಲಿ ಮೊದಲ ಪಿಕ್‌ಗೆ 3000 ಅಂಕ, 37ನೆಯದಕ್ಕೆ 530, 46ನೆಯದಕ್ಕೆ 440. ಆರನೇ ಸುತ್ತಿಗೆ ಬರುವಷ್ಟರಲ್ಲಿ ಅಂಕ ಇಪ್ಪತ್ತರ ಆಸುಪಾಸಿಗೆ ಇಳಿದಿರುತ್ತದೆ, ಏಳನೇ ಸುತ್ತಿನ ಕೊನೆಗೆ ಒಂದೆರಡು. 970 ಅಂಕದ ಸರಕು ಕೊಟ್ಟು ನಲವತ್ತೂ ಬರಲಿಲ್ಲ ಎಂದು ಕಂಡರೆ ಹೊಟ್ಟೆ ಉರಿಯುವುದು ಸಹಜವೇ.

ಆದರೆ ಆ 970 ಅಂಕ ಖರ್ಚಾಗಿ ವರ್ಷಗಳೇ ಕಳೆದಿದ್ದವು. ಡಗರ್ ಐದು ಋತು ಪೂರ್ತಿ ಆಡಿ, ಹಲವು ವರ್ಷ ಆರಂಭಿಕ ಸೇಫ್ಟಿಯಾಗಿದ್ದು (ರಕ್ಷಣೆಯ ಕೊನೆಯ ಸಾಲಿನಲ್ಲಿ ನಿಲ್ಲುವವನು), ಆ ಪಿಕ್‌ನ ಸಾಲ ತೀರಿಸಿಯಾಗಿತ್ತು. ವೈಟ್ 2024ರಲ್ಲಿ ಐದು ಸ್ಯಾಕ್ (ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಎಸೆಯುವ ಮೊದಲೇ ಕೆಡವುವುದು) ಮಾಡಿ ತಂಡದಲ್ಲಿ ಎಲ್ಲರಿಗಿಂತ ಮುಂದಿದ್ದರು. 2025ರ ಅಕ್ಟೋಬರ್‌ನಲ್ಲಿ ಮೇಜಿನ ಮೇಲಿದ್ದ ಪ್ರಶ್ನೆ ಒಂದೇ: ಇವತ್ತಿನಿಂದ ಋತು ಮುಗಿಯುವವರೆಗೆ, ಆಮೇಲೆ ಮುಂದಿನ ವರ್ಷ, ಈ ಜಾಗದಲ್ಲಿ ಈತ ನಮಗೆ ಎಷ್ಟು ಆಡಿಕೊಡುತ್ತಾನೆ? ಯಾವ ಸುತ್ತಿನಲ್ಲಿ ಬಂದ ಎಂಬುದನ್ನು ಈ ಲೆಕ್ಕಕ್ಕೆ ತಂದರೆ ಎಲ್ಲವೂ ಕಲಸಿಹೋಗುತ್ತದೆ.

ಇಲ್ಲಿ ರೋಸ್ಟರ್‌ನ ಗಣಿತ ಗೊತ್ತಿರಬೇಕು. ತಂಡದಲ್ಲಿ 53 ಜನ. ಪಂದ್ಯದ ದಿನ ಅಂಗಳಕ್ಕೆ ಇಳಿಯಲು ಅರ್ಹರು ಹೆಚ್ಚೆಂದರೆ 48. ಮೇಲಿಂದ ಅಭ್ಯಾಸ ತಂಡದಲ್ಲಿ 16 ಜನರಿರುತ್ತಾರೆ, ಅವರಲ್ಲಿ ಇಬ್ಬರನ್ನು ಪ್ರತಿವಾರ ತಾತ್ಕಾಲಿಕವಾಗಿ ಮೇಲೆ ತರಬಹುದು. ಈ 48ರಲ್ಲಿ ಒಂದು ಜಾಗ ಸಿಗಬೇಕಾದರೆ ಮೀಸಲು ಆಟಗಾರ ಎರಡು ಕೆಲಸ ಮಾಡಲೇಬೇಕು. ತನ್ನ ಜಾಗಕ್ಕೆ ಬದಲಿಯಾಗಿ ನಿಲ್ಲುವುದು ಒಂದು. ಚೆಂಡನ್ನು ಒದ್ದು ಎದುರಾಳಿಗೆ ಬಿಟ್ಟುಕೊಡುವ ಕಿಕಾಫ್ ಮತ್ತು ಪಂಟ್ ಆಡುವ ಸ್ಪೆಷಲ್ ಟೀಮ್ಸ್‌ನಲ್ಲಿ ಓಡುವುದು ಇನ್ನೊಂದು. 2024ರಲ್ಲಿ ಕಿಕಾಫ್ ನಿಯಮ ಬದಲಾಯಿತು. 2025ರಲ್ಲಿ ಟಚ್‌ಬ್ಯಾಕ್ ಆದರೆ, ಅಂದರೆ ಒದ್ದ ಚೆಂಡು ಎದುರಾಳಿಯ ಕೊನೆಯ ವಲಯದಲ್ಲಿ ಬಿದ್ದು ಅವರು ಓಡದೆ ಬಿಟ್ಟರೆ, ಚೆಂಡು 35 ಗಜದ ಗೆರೆಗೆ ಬರುವಂತೆ ಮಾಡಿದರು. ಅಷ್ಟು ಗಜ ಸುಮ್ಮನೆ ಬಿಟ್ಟುಕೊಡಲು ಯಾವ ಕೋಚಿಗೂ ಮನಸ್ಸಿಲ್ಲ, ಹಾಗಾಗಿ ಚೆಂಡನ್ನು ಎದುರಾಳಿ ಹಿಡಿದು ಓಡುವಂತೆ ಒದೆಯುತ್ತಾರೆ. ಅವನನ್ನು ಅಟ್ಟಿಸಿಕೊಂಡು ಹೋಗಿ ಕೆಡವಬಲ್ಲ ಮೂರನೇ, ನಾಲ್ಕನೇ ಸೇಫ್ಟಿಗಳಿಗೆ ಈಗ ಮೊದಲಿಗಿಂತ ಬೆಲೆ.

ಡಗರ್ ಎಲ್ಲಿ ಸಿಕ್ಕಿಕೊಂಡರು ಎಂಬುದು ಈಗ ಗೊತ್ತಾಗುತ್ತದೆ. ಅವರನ್ನು ಆರಿಸಿದ್ದು ಆಗಿನ ಕೋಚ್ ಬಿಲ್ ಬೆಲಿಚಿಕ್. 2024ರ ಏಪ್ರಿಲ್‌ನಲ್ಲಿ, ಜೆರಾಡ್ ಮೇಯೊ ಕೋಚ್ ಆದ ಮೇಲೆ, ನಾಲ್ಕು ವರ್ಷಕ್ಕೆ 5.8 ಕೋಟಿ ಡಾಲರ್‌ನ ಒಪ್ಪಂದವಾಯಿತು. ಆ ವರ್ಷ ತಂಡ ಗೆದ್ದದ್ದು 4, ಸೋತದ್ದು 13. ಮೇಯೊ ಹೋದರು, ಮೈಕ್ ವ್ರೇಬಲ್ ಬಂದರು. ವ್ರೇಬಲ್ ಅವರ ರಕ್ಷಣಾ ಪದ್ಧತಿಯಲ್ಲಿ ಆರಂಭಿಕ ಸೇಫ್ಟಿಗಳಾಗಿ ನಿಂತವರು ಜೇಲಿನ್ ಹಾಕಿನ್ಸ್ ಮತ್ತು ನಾಲ್ಕನೇ ಸುತ್ತಿನಲ್ಲಿ ಬಂದ ಹೊಸಬ ಕ್ರೇಗ್ ವುಡ್ಸನ್. ಅವರ ಹಿಂದೆ ಡೆಲ್ ಪೆಟಸ್ ಇದ್ದರು. ಸ್ಪೆಷಲ್ ಟೀಮ್ಸ್‌ಗೇ ಮೀಸಲಾದ ಬ್ರೆಂಡನ್ ಸ್ಕೂಲರ್ ಕೂಡ ಪಟ್ಟಿಯಲ್ಲಿ ಸೇಫ್ಟಿಯೇ. ಹೀಗಿರುವಾಗ ಆರಂಭಿಕನ ಸಂಬಳದ ಒಬ್ಬ ಅನುಭವಿ ಮೂರನೆಯವನಾಗಿ ಕೂತಿದ್ದರೆ ತಂಡಕ್ಕೂ ಭಾರ, ಅವರಿಗೂ ಹಿಂಸೆ.

ಆ ಒಪ್ಪಂದ 2027ರವರೆಗೆ ಇತ್ತು. ಇಷ್ಟು ದೊಡ್ಡ ಸಂಬಳದ ಮೀಸಲು ಆಟಗಾರನನ್ನು ಮುಂದಿನ ವಸಂತದಲ್ಲಿ ತಂಡ ಉಳಿಸಿಕೊಳ್ಳುತ್ತಿತ್ತೇ? ನನಗೆ ಅನ್ನಿಸುವುದಿಲ್ಲ. ಬಿಡುಗಡೆ ಮಾಡಬೇಕಾಗಿತ್ತು. ಬಿಡುಗಡೆ ಮಾಡಿದರೆ ಸಿಗುವುದು ಸೊನ್ನೆ. ಒಪ್ಪಂದ ಮುಗಿದು ಆಟಗಾರ ಬೇರೆಡೆ ದೊಡ್ಡ ಸಂಬಳಕ್ಕೆ ಹೋದರೆ ಲೀಗ್ ಒಂದು ಸೂತ್ರದ ಪ್ರಕಾರ ಹಳೆಯ ತಂಡಕ್ಕೆ ಪರಿಹಾರದ ಪಿಕ್ ಕೊಡುತ್ತದೆ. ಲೀಗ್‌ನಲ್ಲಿ ವರ್ಷಕ್ಕೆ ಅಂಥವು 32ಕ್ಕಿಂತ ಹೆಚ್ಚಿಲ್ಲ, ಎಲ್ಲವೂ ಮೂರರಿಂದ ಏಳನೇ ಸುತ್ತಿನ ಕೊನೆಯಲ್ಲಿ ಬರುತ್ತವೆ. ತಂಡವೇ ಕೈಬಿಟ್ಟ ಆಟಗಾರ ಆ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಡಗರ್ ವಿಷಯದಲ್ಲಿ ಆರನೇ ಸುತ್ತಿನ ಪಿಕ್ಕನ್ನು ಹೋಲಿಸಬೇಕಾದ್ದು ಸೊನ್ನೆಯೊಂದಿಗೆ.

ಟ್ರೇಡಿಗೆ ಕೊನೆಯ ದಿನವಾದ ನವೆಂಬರ್ 4ಕ್ಕೂ ಇದರಲ್ಲಿ ಪಾತ್ರವಿದೆ. ನಾಲ್ಕು ಋತು ಪೂರೈಸಿದ ಆಟಗಾರನನ್ನು ಆ ದಿನಕ್ಕಿಂತ ಮೊದಲು ಕೈಬಿಟ್ಟರೆ ಆತ ಆ ಕ್ಷಣದಿಂದ ಸ್ವತಂತ್ರ, ತನಗಿಷ್ಟ ಬಂದ ತಂಡಕ್ಕೆ ಹೋಗಬಹುದು. ಆಮೇಲೆ ಬಿಟ್ಟರೆ ಎಲ್ಲರಂತೆ ಆತನೂ ವೇವರ್ ಪಟ್ಟಿಗೆ ಬರುತ್ತಾನೆ. ಕೇಳಿದ ತಂಡಗಳಲ್ಲಿ ಆ ಋತುವಿನ ಸಾಧನೆ ಎಲ್ಲರಿಗಿಂತ ಕೆಟ್ಟದಾಗಿರುವ ತಂಡ ಇದ್ದ ಒಪ್ಪಂದದ ಸಮೇತ ಎತ್ತಿಕೊಳ್ಳುತ್ತದೆ. ಎರಡರಲ್ಲೂ ಹಳೆಯ ತಂಡದ ಕೈ ಖಾಲಿ. ಟ್ರೇಡ್ ಮಾಡಿದರೆ ಪಿಕ್ ಬರುತ್ತದೆ, ಯಾರ ಕೈಗೆ ಕೊಡುತ್ತೇವೆ ಎಂಬ ಹಿಡಿತವೂ ಉಳಿಯುತ್ತದೆ. ಪಿಟ್ಸ್‌ಬರ್ಗ್‌ಗೆ ಆ ವಾರ ಸೇಫ್ಟಿ ಬೇಕೇ ಬೇಕಿತ್ತು, ಏಕೆಂದರೆ ಡಿಶಾನ್ ಎಲಿಯಟ್ ಅವರ ಮೊಣಕಾಲಿಗೆ ಹಿಂದಿನ ಭಾನುವಾರವಷ್ಟೇ ಪೆಟ್ಟಾಗಿತ್ತು. ಕೊಳ್ಳುವವರಿಗೆ ತುರ್ತಿದ್ದಾಗ ಮಾರಿದರು. ಡಗರ್ ಅಲ್ಲಿ ನಿಯಮಿತವಾಗಿ ಆಡಿದರು, ಸಿನ್ಸಿನಾಟಿ ಎದುರು ಪಾಸೊಂದನ್ನು ಕಸಿದು ಟಚ್‌ಡೌನ್ ಕೂಡ ಮಾಡಿದರು. ನನಗೆ ಅದನ್ನು ಕಂಡು ಖುಷಿಯೇ ಆಯಿತು. ಒಂದು ತಂಡಕ್ಕೆ ಬೇಡವಾದವನು ಇನ್ನೊಂದಕ್ಕೆ ಬೇಕಾಗುವುದು ಈ ಆಟದಲ್ಲಿ ಪದ್ಧತಿ ಬದಲಾದಾಗೆಲ್ಲ ನಡೆಯುತ್ತದೆ. ಡಗರ್ ಅಲ್ಲಿ ಚೆನ್ನಾಗಿ ಆಡಿದ ಮಾತ್ರಕ್ಕೆ ಇಲ್ಲಿ ವುಡ್ಸನ್ ಜಾಗ ಬಿಟ್ಟುಕೊಡುತ್ತಿದ್ದರು ಎಂದಾಗುವುದಿಲ್ಲ.

ಗೆಲ್ಲುತ್ತಿರುವ ತಂಡ ಮಾರುವುದುಂಟೇ ಎಂದು ಕೇಳಿದ್ದೀರಿ. ಉಂಟು, ಈಚೆಗೆ ಇದು ಸಾಮಾನ್ಯವಾಗಿದೆ. 2023ರ ಅಕ್ಟೋಬರ್ 31ರಂದು ಕ್ಲೀವ್‌ಲೆಂಡ್ ಬ್ರೌನ್ಸ್ ತಂಡ ಡಾನವನ್ ಪೀಪಲ್ಸ್-ಜೋನ್ಸ್ ಎಂಬ ರಿಸೀವರನ್ನು (ಪಾಸ್ ಹಿಡಿಯುವವನು) ಡೆಟ್ರಾಯಿಟ್‌ಗೆ ಕೊಟ್ಟು 2025ರ ಆರನೇ ಸುತ್ತಿನ ಪಿಕ್ ಪಡೆಯಿತು. ಆಗ ಬ್ರೌನ್ಸ್ ನಾಲ್ಕು ಗೆದ್ದು ಮೂರು ಸೋತಿತ್ತು, ಆ ವರ್ಷ 11 ಗೆದ್ದು ಪ್ಲೇಆಫ್‌ಗೂ ಹೋಯಿತು. ಪೀಪಲ್ಸ್-ಜೋನ್ಸ್ 2020ರಲ್ಲಿ 187ನೆಯವರಾಗಿ ಆಯ್ಕೆಯಾದವರು, ಅಂದರೆ ಅವರೂ ಆರನೇ ಸುತ್ತಿನವರೇ. 2022ರಲ್ಲಿ 839 ಗಜ ಗಳಿಸಿಕೊಟ್ಟರು. 2023ರಲ್ಲಿ ಅವರ ಕಡೆ ಚೆಂಡೇ ಬರುತ್ತಿರಲಿಲ್ಲ, ಒಪ್ಪಂದ ಆ ವರ್ಷವೇ ಮುಗಿಯುವುದಿತ್ತು. ಮೂರೂವರೆ ವರ್ಷ ದುಡಿಸಿಕೊಂಡು, ಕೊಟ್ಟ ಬೆಲೆಯನ್ನೇ ವಾಪಸ್ ಪಡೆದರು. ಇಂಥ ವ್ಯವಹಾರಗಳಲ್ಲಿ ನನಗೆ ಬಹಳ ಅಚ್ಚುಕಟ್ಟಾಗಿ ಕಂಡದ್ದು ಇದೇ.

2024ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಆರು ಗೆದ್ದು ಮೂರು ಸೋತಿದ್ದಾಗ ಪ್ರೆಸ್ಟನ್ ಸ್ಮಿತ್ ಅವರನ್ನು ಪಿಟ್ಸ್‌ಬರ್ಗ್‌ಗೆ ಏಳನೇ ಸುತ್ತಿನ ಪಿಕ್‌ಗೆ ಕೊಟ್ಟಿತು. ಹೊಸ ರಕ್ಷಣಾ ಕೋಚ್ ಬಂದು ಪದ್ಧತಿ ಬದಲಾಗಿತ್ತು, ಅದು ಸ್ಮಿತ್ ಅವರಿಗೆ ಒಗ್ಗಲಿಲ್ಲ. ಪ್ಯಾಕರ್ಸ್ 11 ಪಂದ್ಯ ಗೆದ್ದಿತು. ಪಿಟ್ಸ್‌ಬರ್ಗ್ ಮುಂದಿನ ವಸಂತದ ಹೊತ್ತಿಗೆ ಸ್ಮಿತ್ ಅವರನ್ನು ಕೈಬಿಟ್ಟಿತು. ಅದೇ ಪ್ಯಾಕರ್ಸ್ 2023ರಲ್ಲಿ ಎರಡು ಗೆದ್ದು ಐದು ಸೋತಿದ್ದಾಗ ರಸೂಲ್ ಡಗ್ಲಸ್ ಎಂಬ ಆರಂಭಿಕ ಕಾರ್ನರನ್ನು (ಎದುರಾಳಿ ರಿಸೀವರನ್ನು ತಡೆಯುವವನು) ಐದನೇ ಸುತ್ತಿನ ಪಿಕ್ ಜೊತೆ ಬಫಲೊಗೆ ಕೊಟ್ಟು ಮೂರನೇ ಸುತ್ತಿನದನ್ನು ತೆಗೆದುಕೊಂಡಿತು. ಋತುವನ್ನೇ ಕೈಚೆಲ್ಲಿದರು ಎಂದು ಅಭಿಮಾನಿಗಳು ಕೂಗಾಡಿದರು. ಏಳನೇ ಸುತ್ತಿನ ಹೊಸಬ ಕ್ಯಾರಿಂಗ್ಟನ್ ವ್ಯಾಲೆಂಟೈನ್ ಆ ಜಾಗದಲ್ಲಿ ನಿಂತರು, ತಂಡ ಪ್ಲೇಆಫ್‌ಗೆ ಹೋಗಿ ಡಲ್ಲಾಸನ್ನು ಅವರ ನೆಲದಲ್ಲೇ 48–32ರಿಂದ ಸೋಲಿಸಿತು.

ಬೆಲೆಯಲ್ಲಿನ ಅಂತರ ಗಮನಿಸಿ. ಆರಂಭಿಕನಾಗಿದ್ದ ಡಗ್ಲಸ್ ಅವರಿಗೆ ಮೂರನೇ ಸುತ್ತು. ಬೆಂಚಿನವರಿಗೆ ಆರು, ಏಳು. 2024ರಲ್ಲಿ ಷಿಕಾಗೊದಿಂದ ಸಿನ್ಸಿನಾಟಿಗೆ ಹೋದ ರನ್ನಿಂಗ್ ಬ್ಯಾಕ್ ಖಲೀಲ್ ಹರ್ಬರ್ಟ್ ಅವರಿಗೂ ಏಳೇ. ಬೆಂಚಿನ ಆಟಗಾರನಿಗೆ ಮಾರುಕಟ್ಟೆ ಕೊಡುವುದು ಇಷ್ಟೇ, ಪೇಟ್ರಿಯಟ್ಸ್ ಮೋಸ ಹೋಗಲಿಲ್ಲ. ಇದಕ್ಕಿಂತ ಮೇಲಿನ ಪಿಕ್ ಬೇಕಾದರೆ ಒಂದು ದಾರಿಯಿದೆ: ಆಟಗಾರನ ಉಳಿದ ಸಂಬಳವನ್ನು ಮಾರುವ ತಂಡವೇ ಹೊರುವುದು. 2021ರಲ್ಲಿ ಡೆನ್ವರ್ ವಾನ್ ಮಿಲ್ಲರ್ ಅವರನ್ನು ರ‍್ಯಾಮ್ಸ್‌ಗೆ ಕೊಡುವಾಗ ಉಳಿದಿದ್ದ 97 ಲಕ್ಷ ಡಾಲರ್‌ನಲ್ಲಿ 90 ಲಕ್ಷವನ್ನು ತಾನೇ ಕೊಟ್ಟು ಎರಡನೇ ಮತ್ತು ಮೂರನೇ ಸುತ್ತಿನ ಪಿಕ್ ಪಡೆಯಿತು. ಅದು ತಾರೆಯ ಕಥೆ, ಆದರೆ ಬೆಂಚಿನವರಿಗೂ ಇದೇ ತಂತ್ರ ನಡೆಯುತ್ತದೆ.

ಇನ್ನು ಆರನೇ ಸುತ್ತಿನ ಪಿಕ್‌ನಿಂದ ಬರುವುದೇನು? ನಿಮ್ಮ ಊರಿನಲ್ಲಿ ಈ ಮಾತು ಬಂದ ತಕ್ಷಣ 2000ನೇ ಇಸವಿಯ 199ನೇ ಪಿಕ್, ಮುಂದೆ ದಂತಕಥೆಯಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಹೆಸರು ಬರುತ್ತದೆ. ಆ ಪಿಕ್ ನಾನು ಮೇಲೆ ಹೇಳಿದ ಪರಿಹಾರದ ಪಿಕ್‌ಗಳಲ್ಲೇ ಒಂದು ಎಂಬುದು ಹಲವರಿಗೆ ನೆನಪಿಲ್ಲ. ಅಂಥವರು ಎಲ್ಲೋ ಒಮ್ಮೆ ಸಿಗುತ್ತಾರೆ, ಅವರನ್ನು ಇಟ್ಟುಕೊಂಡು ಲೆಕ್ಕ ಹಾಕಬೇಡಿ. ನಿಮ್ಮ ತಂಡದ್ದೇ ಹತ್ತಿರದ ಉದಾಹರಣೆ ನೋಡಿ. 2025ರ ಡ್ರಾಫ್ಟ್‌ನಲ್ಲಿ ಆರನೇ ಸುತ್ತಿನ 182ನೇ ಪಿಕ್‌ನಲ್ಲಿ ಬಂದವರು ಕಿಕ್ಕರ್ ಆಂಡ್ರೆಸ್ ಬೊರೆಗಾಲೆಸ್. ಏಳನೇ ಸುತ್ತಿನ 251ನೇ ಪಿಕ್ ಲಾಂಗ್ ಸ್ನ್ಯಾಪರ್ ಜೂಲಿಯನ್ ಆಶ್ಬಿ. ಫೀಲ್ಡ್ ಗೋಲ್ ಪ್ರಯತ್ನವನ್ನು ಒಮ್ಮೆ ನಿಧಾನಗತಿಯಲ್ಲಿ ನೋಡಿ. ಆಶ್ಬಿ ಬಾಗಿ ಕಾಲಸಂದಿಯಿಂದ ಚೆಂಡನ್ನು ಏಳೆಂಟು ಗಜ ಹಿಂದಕ್ಕೆ ಎಸೆಯುತ್ತಾರೆ, ಹಿಡಿಯುವವನು ಅದನ್ನು ನೆಲಕ್ಕೆ ಊರುತ್ತಾನೆ, ಬೊರೆಗಾಲೆಸ್ ಒದೆಯುತ್ತಾರೆ. ಎಲ್ಲಾ ಸೇರಿ ಒಂದೂಕಾಲು ಸೆಕೆಂಡಿನ ಆಸುಪಾಸು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಹೋದ ತಂಡದಲ್ಲಿ ಆ ಒಂದೂಕಾಲು ಸೆಕೆಂಡನ್ನು ನಿಭಾಯಿಸಿದವರು ಆರು ಮತ್ತು ಏಳನೇ ಸುತ್ತಿನ ಇಬ್ಬರು ಹುಡುಗರು, ಅದೂ ನಾಲ್ಕು ವರ್ಷದ ಅಗ್ಗದ ಒಪ್ಪಂದದಲ್ಲಿ. ಕೊನೆಯ ಸುತ್ತುಗಳ ಪಿಕ್ ಹೀಗೆ ಉಪಯೋಗಕ್ಕೆ ಬರುತ್ತದೆ. ಬಹುಪಾಲು ಏನೂ ಆಗದೆ ಹೋಗುತ್ತದೆ ಎಂಬುದೂ ಅಷ್ಟೇ ನಿಜ. ನಿಖರವಾಗಿ ಹೇಳಬೇಕಾದರೆ, ಏಳನೆಯದನ್ನು ಕೊಟ್ಟು ಆರನೆಯದನ್ನು ಪಡೆದಾಗ ತಂಡ ಗಳಿಸಿದ್ದು ಸರದಿಯಲ್ಲಿ ಸುಮಾರು ಒಂದು ಸುತ್ತು ಮುಂದಿನ ಜಾಗವನ್ನು ಮಾತ್ರ.

ಜಾನ್ಸನ್ ಪಟ್ಟಿಯ ಅಂಕಗಳನ್ನು ಕಣ್ಣುಮುಚ್ಚಿ ನಂಬಬಾರದು ಎನ್ನುವುದಕ್ಕೂ ಆಧಾರವಿದೆ. ಅರ್ಥಶಾಸ್ತ್ರದಲ್ಲಿ 2017ರ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಸೇರಿ ಡ್ರಾಫ್ಟ್ ಬಗ್ಗೆ ಅಧ್ಯಯನ ಮಾಡಿದ್ದಾರೆ. ತಂಡಗಳು ಮೊದಲ ಪಿಕ್‌ಗಳಿಗೆ ವಿಪರೀತ ಬೆಲೆ ಕಟ್ಟುತ್ತವೆ, ಮುಂದಿನ ವರ್ಷದ ಪಿಕ್ಕನ್ನು ತೀರಾ ಅಗ್ಗಕ್ಕೆ ಬಿಟ್ಟುಕೊಡುತ್ತವೆ ಎಂಬುದು ಅದರ ಸಾರ. ಮುಂದಿನ ವರ್ಷದ ಎರಡನೇ ಸುತ್ತಿಗೆ ಈ ವರ್ಷದ ಮೂರನೇ ಸುತ್ತು ಸಮ ಎನ್ನುವ ರೂಢಿ ಲೀಗ್‌ನಲ್ಲಿ ಈಗಲೂ ಓಡುತ್ತಿದೆ. ಹಾಗಾದರೆ ತಾಳ್ಮೆಯಿಂದ ಕಾಯುವ, ಹಿಂದಿನ ಸುತ್ತುಗಳ ಪಿಕ್ ಕೂಡಿಡುವ ತಂಡಕ್ಕೆ ವರ್ಷವರ್ಷವೂ ಅಷ್ಟಿಷ್ಟು ಲಾಭ. ಎರಡು ವರ್ಷ ತಲಾ ನಾಲ್ಕೇ ನಾಲ್ಕು ಪಂದ್ಯ ಗೆದ್ದು, ತಂಡವನ್ನು ಬುಡದಿಂದ ಕಟ್ಟುತ್ತಿದ್ದ ಪೇಟ್ರಿಯಟ್ಸ್‌ಗೆ ಇದು ಹೊಂದುವ ದಾರಿ.

ಇಷ್ಟೆಲ್ಲ ಹೇಳಿಯೂ ವೈಟ್ ವಿಷಯದಲ್ಲಿ ನನ್ನ ತಕರಾರು ಏನು? ಅವರು ಆಡುವ ಜಾಗ. ಸೇಫ್ಟಿಯ ಬದಲಿ ಆಟಗಾರ ನವೆಂಬರ್‌ನಲ್ಲೂ ಎಲ್ಲಾದರೂ ಸಿಗುತ್ತಾನೆ. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಪಾಸ್ ರಶರ್ ಸಿಗುವುದಿಲ್ಲ. ಈ ಜಾಗದಲ್ಲಿ ಮೂವರು ನಾಲ್ವರನ್ನು ಸರದಿಯಲ್ಲಿ ಆಡಿಸಬೇಕು, ಇಲ್ಲದಿದ್ದರೆ ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಕಾಲು ಭಾರವಾಗಿರುತ್ತದೆ. ಹೆರಾಲ್ಡ್ ಲ್ಯಾಂಡ್ರಿ ಮತ್ತು ಕೆಲವಾನ್ ಚೇಸನ್ ಮೊದಲಿಗರಾಗಿದ್ದರು. ಅವರ ಹಿಂದೆ ಹೆಚ್ಚು ಆಡಬೇಕಾಗಿ ಬಂದದ್ದು ಎಲೈಜಾ ಪಾಂಡರ್, ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹೊಸಬ. ಋತು ಮುಂದುವರಿದಂತೆ ಲ್ಯಾಂಡ್ರಿಯ ಮೊಣಕಾಲು ತೊಂದರೆ ಕೊಟ್ಟಿತು. ಒಳಸಾಲಿನ ಮಿಲ್ಟನ್ ವಿಲಿಯಮ್ಸ್ ಹಿಮ್ಮಡಿಗಂಟಿನ ಗಾಯದಿಂದ ವಾರಗಟ್ಟಲೆ ಹೊರಗುಳಿದರು. ಅಂಚಿನಲ್ಲೂ ಒಳಗೂ ನಿಲ್ಲಬಲ್ಲ ಗಟ್ಟಿ ಮೈಕಟ್ಟಿನ ಒಬ್ಬರು ಇದ್ದಿದ್ದರೆ ಆಗ ನಿಜಕ್ಕೂ ಕೈಗೆ ಬರುತ್ತಿದ್ದರು.

ವೈಟ್ ಒಪ್ಪಂದವೂ ಡಗರ್ ಅವರದರಂತೆ ಇರಲಿಲ್ಲ. ಅವರಿಗೆ ಆಗ 26 ವರ್ಷ. ಡ್ರಾಫ್ಟ್ ಆದಾಗಿನ ಅಗ್ಗದ ಒಪ್ಪಂದ 2026ರವರೆಗೂ ಇತ್ತು. ಇಟ್ಟುಕೊಂಡರೆ ಇನ್ನೂ ಒಂದು ಋತು ಕಡಿಮೆ ಸಂಬಳದಲ್ಲಿ ಆಡಿಸಬಹುದಿತ್ತು. ಅಲ್ಲಿಗೂ ಹೊಂದದಿದ್ದರೆ 2026ರ ಕೊನೆಯಲ್ಲಿ ಅವರು ಬೇರೆಡೆ ಹೋದಾಗ ಪರಿಹಾರದ ಪಿಕ್‌ನ ಸಾಧ್ಯತೆಯಾದರೂ ಉಳಿಯುತ್ತಿತ್ತು. ಎದುರಿಗಿದ್ದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ತುರ್ತಿತ್ತೆಂದರೆ, ಅವರ ಮುಖ್ಯ ಪಾಸ್ ರಶರ್ ನಿಕ್ ಬೋಸಾ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಸೆಪ್ಟೆಂಬರ್‌ನಲ್ಲೇ ಋತುವಿನಿಂದ ಹೊರಬಿದ್ದಿದ್ದರು. ಅಂಥ ಗಿರಾಕಿಯ ಹತ್ತಿರ ಐದನೇ ಸುತ್ತು ಕೇಳಬೇಕಿತ್ತು, ಇಲ್ಲವೇ ಕೊನೆಯ ದಿನದವರೆಗೆ ಕಾಯಬೇಕಿತ್ತು ಎಂಬುದು ನನ್ನ ವಾದ. ನವೆಂಬರ್ 2ರಂದು, ಟ್ರೇಡ್ ಆದ ಕೆಲವೇ ದಿನಕ್ಕೆ, ಅದೇ ತಂಡದ ಹೊಸ ಪಾಸ್ ರಶರ್ ಮೈಕೆಲ್ ವಿಲಿಯಮ್ಸ್ ಕೂಡ ಅದೇ ಗಾಯದಿಂದ ಹೊರಬಿದ್ದರು. ಇದನ್ನು ಯಾರೂ ಮುಂಚೆಯೇ ಊಹಿಸಲಾರರು, ನಿಜ. ಆದರೆ ಕಾಯುವವರಿಗೆ ಬೆಲೆ ಏರುವುದು ಹೀಗೇ, ಏಕೆಂದರೆ ಈ ಲೀಗ್‌ನಲ್ಲಿ ಗಾಯವಿಲ್ಲದ ಭಾನುವಾರವೇ ಇಲ್ಲ.

ತಂಡದ ಕಡೆಯ ಮಾತನ್ನೂ ಹೇಳಬೇಕು. ವೈಟ್ ಆಡುವ ಸಮಯ ಇಳಿಯುತ್ತಾ ಬಂದಿತ್ತು, ಹೊಸ ಕೋಚುಗಳ ಯೋಜನೆಯಲ್ಲಿ ಅವರಿಗೆ ಜಾಗ ಕಾಣುತ್ತಿರಲಿಲ್ಲ. ಹಿಂದಿನ ವರ್ಷ ಸ್ಯಾಕ್‌ಗಳಲ್ಲಿ ಮೊದಲಿಗನಾಗಿದ್ದವನು ಬೆಂಚಿನಲ್ಲಿ ಕೂತಾಗ ಡ್ರೆಸಿಂಗ್ ರೂಮಿನಲ್ಲಿ ಏನಾಗುತ್ತದೆ ಎಂಬುದು ವ್ರೇಬಲ್ ಅವರಂತೆ ಅದೇ ತಂಡಕ್ಕೆ ಆಡಿ ಮೂರು ಸೂಪರ್ ಬೌಲ್ ಗೆದ್ದವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಪಾಂಡರ್‌ಗೆ ಆಡಲು ಅವಕಾಶ ಮಾಡಿಕೊಡುವ ಉದ್ದೇಶವೂ ಇದ್ದಿರಬಹುದು, ಆ ಹುಡುಗ ಅದನ್ನು ಬಳಸಿಕೊಂಡದ್ದೂ ಹೌದು. ಇವು ತೂಕದ ಕಾರಣಗಳೇ. ನನ್ನ ತಕ್ಕಡಿಯಲ್ಲಿ ಅವು ಡಿಸೆಂಬರ್, ಜನವರಿಗೆ ಬೇಕಾದ ನಾಲ್ಕನೇ ಪಾಸ್ ರಶರ್‌ನಷ್ಟು ತೂಗುವುದಿಲ್ಲ.

ಫಲಿತಾಂಶ ನನ್ನ ವಾದವನ್ನು ಎತ್ತಿ ಹಿಡಿಯಲಿಲ್ಲ. ತಂಡ 14 ಗೆದ್ದು 3 ಸೋತಿತು. ಪ್ಲೇಆಫ್‌ನ ಮೂರು ಪಂದ್ಯಗಳಲ್ಲಿ ಎದುರಾಳಿಗಳು ಗಳಿಸಿದ್ದು 3, 16 ಮತ್ತು 7 ಅಂಕ. ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಎದುರು 29–13ರಿಂದ ಸೋತಾಗಲೂ ಕೆಟ್ಟದ್ದು ಆಕ್ರಮಣದ ಕಡೆ, ಕ್ವಾರ್ಟರ್‌ಬ್ಯಾಕ್ ಡ್ರೇಕ್ ಮೇ ಅವರನ್ನು ಕಾಯಬೇಕಿದ್ದ ಸಾಲು ಮತ್ತೆ ಮತ್ತೆ ಒಡೆಯಿತು. ವೈಟ್ ಇದ್ದಿದ್ದರೆ ಅದೇನೂ ಬದಲಾಗುತ್ತಿರಲಿಲ್ಲ. ಹಾಗಿದ್ದರೂ ಅಕ್ಟೋಬರ್‌ನ ನಿರ್ಧಾರವನ್ನು ಅಕ್ಟೋಬರ್‌ನಲ್ಲಿ ಗೊತ್ತಿದ್ದ ಸಂಗತಿಗಳಿಂದಲೇ ಅಳೆಯಬೇಕು. ಲ್ಯಾಂಡ್ರಿ, ಚೇಸನ್ ಇಬ್ಬರೂ ಒಟ್ಟಿಗೆ ಬಿದ್ದಿದ್ದರೆ ಏನು ಗತಿ ಎಂಬ ಪ್ರಶ್ನೆ ಆಗ ಎದುರಿಗಿತ್ತು. ಅದಕ್ಕೆ ಪಟ್ಟಿಯಲ್ಲಿ ಗಟ್ಟಿ ಉತ್ತರವಿರಲಿಲ್ಲ.

ಮುಂದಿನ ಸಲ ಇಂಥ ಸುದ್ದಿ ಬರುವ ಮೊದಲೇ ನೀವೂ ಮಗನೂ ಊಹಿಸಬಹುದು. ಪ್ರತಿ ಪಂದ್ಯಕ್ಕೆ 90 ನಿಮಿಷ ಮೊದಲು ಆ ದಿನ ಆಡದವರ ಪಟ್ಟಿ ಹೊರಬರುತ್ತದೆ. ಗಾಯದ ಪಟ್ಟಿಯಲ್ಲಿ ಹೆಸರಿಲ್ಲದ ಅನುಭವಿಯೊಬ್ಬ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದರಲ್ಲಿ ಕಾಣಿಸಿಕೊಂಡರೆ, ಇಲ್ಲವೇ ಆತ ಆಡುವ ಸ್ನ್ಯಾಪ್‌ಗಳು (ಆಟದ ಒಂದೊಂದು ಸರದಿ) ವಾರವಾರ ಇಳಿಯುತ್ತಿದ್ದರೆ, ಮೊದಲು ಒಪ್ಪಂದ ಯಾವ ವರ್ಷಕ್ಕೆ ಮುಗಿಯುತ್ತದೆ ನೋಡಿ. ಆಮೇಲೆ ಅದೇ ಜಾಗದಲ್ಲಿ ಯಾವ ತಂಡದಲ್ಲಿ ಯಾರಿಗೆ ಗಾಯವಾಗಿದೆ ನೋಡಿ. ಆತ ಯಾವ ಊರಿಗೆ ಹೋಗಬಹುದು ಎಂಬುದು ಅರ್ಧದಷ್ಟು ಅಲ್ಲೇ ತಿಳಿಯುತ್ತದೆ.